ಸಿಲೋನ್ ಹರಳು ತರೋಕೆ ಹೊರಟವರಿಗೆ

ಬೆಂಗಳೂರು ನಗರ್ತಪೇಟೆಯ ನನ್ನ ಪುಟ್ಟ ಅಂಗಡಿಗೆ ಬರುವವರಲ್ಲಿ ಆಗಾಗ ಯಾರಾದರೂ ಕೇಳುತ್ತಲೇ ಇರುತ್ತಾರೆ. "ಶ್ರೀಲಂಕಾಕ್ಕೆ ಹೋಗ್ತಿದ್ದೀವಿ ಮೇಡಂ, ಅಲ್ಲೇ ಒಂದು ನೀಲ ತಗೊಂಡು ಬರ್ಲಾ? ಅಲ್ಲಿ ಅಗ್ಗ ಅಲ್ವಾ?"

ಅಗ್ಗ ಅನ್ನೋದನ್ನು ಮೊದಲು ತಲೆಯಿಂದ ತೆಗೆದುಹಾಕಿ. ಅಲ್ಲಿನ ವ್ಯಾಪಾರಿಗೆ ಬ್ಯಾಂಕಾಕಿನಲ್ಲಿ ಇವತ್ತು ಏನು ರೇಟು ಅಂತ ಫೋನಿನಲ್ಲೇ ಗೊತ್ತಿರುತ್ತದೆ. ಒಂದೇ ಒಂದು ಹರಳು ಕೊಳ್ಳುವ ಪ್ರವಾಸಿಗೆ ಅವನು ಸಗಟು ಬೆಲೆ ಯಾಕೆ ಕೊಡಬೇಕು? ವಿಮಾನ, ಹೋಟೆಲು, ಡ್ಯೂಟಿ ಎಲ್ಲ ಸೇರಿಸಿದರೆ ಎಷ್ಟೋ ಸಲ ನಮ್ಮ ಅವೆನ್ಯೂ ರಸ್ತೆಯ ಬೆಲೆಯೇ ವಾಸಿ ಅನಿಸುತ್ತದೆ. ನಾನು ಅಲ್ಲಿಗೆ ಹೋಗೋದು ಆಯ್ಕೆಗೆ. ಇಲ್ಲಿ ಮೂರು ನೀಲ ತೋರಿಸಿ "ಇದರಲ್ಲಿ ಒಂದು ತಗೊಳ್ಳಿ" ಅನ್ನುತ್ತಾರೆ. ಅಲ್ಲಿ ಒಂದು ಬೆಳಗ್ಗೆ ಕೂತರೆ ಕಣ್ಣು ಸೋಲುವಷ್ಟು ಹರಳು ಮುಂದೆ ಬಂದು ಬೀಳುತ್ತವೆ. ಆ ರಾಶಿಯಲ್ಲಿ ನಿಮಗೆ ಬೇಕಾದ್ದು ಯಾವುದು ಅಂತ ನಿಮಗೆ ಗೊತ್ತಿದ್ದರೆ ಹೋದದ್ದು ಸಾರ್ಥಕ. ಗೊತ್ತಿಲ್ಲದಿದ್ದರೆ ಸಮುದ್ರ ನೋಡಿಕೊಂಡು, ಮೀನು ತಿಂದುಕೊಂಡು ಬನ್ನಿ.

ಹೊರಡುವ ಮುಂಚೆ

ಮೊದಲು ಒಡವೆ ಯಾವುದು ಅಂತ ತೀರ್ಮಾನ ಮಾಡಿ, ಹರಳು ಆಮೇಲೆ. ಉಂಗುರಕ್ಕಾ, ಪದಕಕ್ಕಾ, ಓಲೆಗಾ? ದಿನಾ ಹಾಕುವ ಉಂಗುರ ಬಾಗಿಲಿಗೆ, ಪಾತ್ರೆಗೆ, ಬೈಕಿನ ಹ್ಯಾಂಡಲ್ಲಿಗೆ ತಾಗುತ್ತಲೇ ಇರುತ್ತದೆ. ಅದಕ್ಕೆ ನೀಲ, ಪುಷ್ಯರಾಗ, ಮಾಣಿಕ್ಯ ಒಳ್ಳೆಯವು. ಮೂರೂ ಒಂದೇ ಜಾತಿಯ ಕಲ್ಲು, ಹತ್ತರ ಅಳತೆಯಲ್ಲಿ ಗಡಸುತನ 9. ಮೀಟಿಯಾಗೊಡ ಊರಿನ ಚಂದ್ರಕಾಂತ ಶಿಲೆ, ಮೂನ್‌ಸ್ಟೋನ್ ಅಂತೀವಲ್ಲ, ಅದರೊಳಗಿನ ನೀಲಿ ಹೊಳಪು ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ. ಆದರೆ ಅದರ ಗಡಸುತನ 6ರ ಆಸುಪಾಸು. ಕಿವಿಗೆ, ಕತ್ತಿಗೆ ಸರಿ. ದಿನಬಳಕೆಯ ಉಂಗುರಕ್ಕೆ ಹಾಕಿಸಿದರೆ ಬೇಗ ಮಸುಕಾಗುತ್ತದೆ.

ಏಳು ಕಲ್ಲಿನ ಬೆಂಡೋಲೆ ಮಾಡಿಸುವವರು ಲಂಕಾಕ್ಕೆ ಹೋಗಲೇಬೇಡಿ. ಜೊತೆಗೆ ಹದಿನಾಲ್ಕು ಹರಳು ಬೇಕು, ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ. ಲಂಕಾದಲ್ಲಿ ಒಂಟಿ ಹರಳಿನ ವ್ಯಾಪಾರ ಜಾಸ್ತಿ. ಅಳತೆಗೆ ಕತ್ತರಿಸಿದ ಹರಳು ಬೇಕಾದರೆ ಜೈಪುರ, ಇಲ್ಲವೇ ಬ್ಯಾಂಕಾಕಿನ ಮಹೇಸಕ್ ರಸ್ತೆ. ಅಲ್ಲಿ ನಮ್ಮ ಜೈಪುರದವರೇ ಬೇಕಾದಷ್ಟು ಜನ ಅಂಗಡಿ ಇಟ್ಟಿದ್ದಾರೆ, ಹಿಂದಿಯಲ್ಲೇ ಚೌಕಾಸಿ ಮಾಡಬಹುದು.

ಜ್ಯೋತಿಷಿ ಬರೆದುಕೊಟ್ಟ ಚೀಟಿ ಹಿಡಿದು ಹೋಗುವವರಿಗೆ ಒಂದು ಮಾತು. ಚೀಟಿಯಲ್ಲಿ "ಐದೂಕಾಲು ರತ್ತಿ" ಅಂತಿರುತ್ತದೆ. ರತ್ತಿ ಅನ್ನೋದು ಒಬ್ಬೊಬ್ಬರ ತಕ್ಕಡಿಯಲ್ಲಿ ಒಂದೊಂದು ತೂಕ. ಹೊರದೇಶದಲ್ಲಿ ಆ ಲೆಕ್ಕ ನಡೆಯೋದಿಲ್ಲ. ಹೊರಡುವ ಮುಂಚೆಯೇ ಅದು ಎಷ್ಟು ಕ್ಯಾರೆಟ್ ಅಂತ ಅವರಿಂದಲೇ ಬರೆಸಿಕೊಳ್ಳಿ. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ, ಎಲ್ಲಿಗೆ ಹೋದರೂ ಅಷ್ಟೇ.

ಚೀಲದಲ್ಲಿ ಇರಬೇಕಾದ್ದು ಜಾಸ್ತಿ ಏನಿಲ್ಲ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್, ಚಿಮಟ, ಮಿಲಿಮೀಟರ್ ಅಳೆಯುವ ಗೇಜ್, ಸಣ್ಣ ಟಾರ್ಚ್, ಎರಡು ಹಾಳೆ ಬಿಳಿ ಕಾಗದ. ಬಟ್ಟೆ ಬಿಳಿಯದೋ ಬೂದು ಬಣ್ಣದ್ದೋ ಇರಲಿ. ನೀಲಿ ಕುರ್ತಾ ಹಾಕಿಕೊಂಡು ನೀಲ ನೋಡಲು ಕೂತರೆ ನಿಮ್ಮ ಕುರ್ತಾದ ಬಣ್ಣವೇ ಹರಳಿನಲ್ಲಿ ಹೊಳೆಯುತ್ತದೆ!

ಎಲ್ಲಿ, ಯಾವಾಗ

ಹೆಸರಾದ ಜಾಗ ಎರಡು. ಒಂದು ರತ್ನಪುರ, ಕೊಲಂಬೊದಿಂದ ಸುಮಾರು 100 ಕಿ.ಮೀ. ಒಳನಾಡಿನಲ್ಲಿ. ಸುತ್ತಮುತ್ತ ಗದ್ದೆಗಳಲ್ಲಿ ಗುಂಡಿ ತೋಡಿ, ಜಲ್ಲಿಮಣ್ಣನ್ನು ಬಿದಿರಿನ ಬುಟ್ಟಿಯಲ್ಲಿ ತೊಳೆದು ಹರಳು ಹುಡುಕುತ್ತಾರೆ. ಬೆಳಗ್ಗೆ ಬೀದಿಯಲ್ಲೇ ವ್ಯಾಪಾರ. ಇನ್ನೊಂದು ಕರಾವಳಿಯ ಬೇರುವಲ, ಅಲ್ಲಿನ ಚೈನಾ ಫೋರ್ಟ್ ಅನ್ನುವ ಕೇರಿ. ವ್ಯಾಪಾರಿಗಳು ಬಹುತೇಕ ಮುಸ್ಲಿಮರು, ಮನೆಮಾತು ತಮಿಳು. ಪೇಟೆಯಲ್ಲಿ ಕಲಿತ ನನ್ನ ತಮಿಳು ಕೇಳಿ ಅವರು ನಗುತ್ತಾರೆ, ಆದರೆ ಆ ನಗುವಿನಿಂದಲೇ ಮಾತು ಸಲೀಸಾಗುತ್ತದೆ. ಅವರು ನನಗೆ "ಅಕ್ಕಾ", ನಾನು ಅವರಿಗೆ "ನಾನಾ". ಅಲ್ಲಿನ ಮುಸ್ಲಿಮರಲ್ಲಿ ಅಣ್ಣನಿಗೆ ಹಾಗೇ ಕರೆಯೋದು.

ನನಗೆ ಬೇರುವಲವೇ ಇಷ್ಟ. ರತ್ನಪುರದಲ್ಲಿ ನಿಂತಲ್ಲೇ ಹತ್ತು ಕೈ ಮುಖದ ಮುಂದೆ ಬರುತ್ತವೆ, ಹೊಸಬರಿಗೆ ಗಾಬರಿ ಆಗುತ್ತದೆ. ಅಲ್ಲಿ ಸಾಣೆ ಹಿಡಿಯದ ಹರಳನ್ನು, "ಈಗಷ್ಟೇ ಗುಂಡಿಯಿಂದ ತೆಗೆದದ್ದು" ಅಂತ ಮಣ್ಣು ಮೆತ್ತಿಕೊಂಡೇ ಇರುವುದನ್ನು, ದಯವಿಟ್ಟು ಮುಟ್ಟಬೇಡಿ. ಕುಲುಮೆಯಲ್ಲಿ ಬೆಳೆಸಿದ ಕೃತಕ ನೀಲವನ್ನು ಉರುಳಿಸಿ, ಹೊಳೆಕಲ್ಲಿನ ಹಾಗೆ ನುಣ್ಣಗೆ ಮಾಡಿ ಮಾರುವುದು ಹಳೆಯ ವಿದ್ಯೆ. ಗಣಿ ಪಕ್ಕದಲ್ಲೇ ಕೊಂಡಿದ್ದು ಅಂದ ಮಾತ್ರಕ್ಕೆ ಅಸಲಿ ಆಗಬೇಕೆಂದೇನೂ ಇಲ್ಲ.

ಮೇ ತಿಂಗಳಿನಿಂದ ಆ ಕಡೆ ಮುಂಗಾರು ಮಳೆ. ಮೋಡ ಕವಿದರೆ ಬಣ್ಣ ನೋಡೋಕೆ ಬೆಳಕೇ ಇರೋದಿಲ್ಲ. ಹುಣ್ಣಿಮೆ ದಿನ ಅಲ್ಲಿ ಸರ್ಕಾರಿ ರಜೆ, ಪೋಯ ಅಂತಾರೆ. ಶುಕ್ರವಾರ ಮಧ್ಯಾಹ್ನ ಬೇರುವಲದಲ್ಲಿ ನಮಾಜಿನ ಹೊತ್ತು. ಟಿಕೆಟ್ ಮಾಡಿಸುವ ಮುಂಚೆ ಕ್ಯಾಲೆಂಡರ್ ನೋಡಿ.

ಆಟೋದವರು, ಗೈಡುಗಳು ಕರೆದುಕೊಂಡು ಹೋಗುವ ಅಂಗಡಿಗಳಲ್ಲಿ ಅವರ ಕಮಿಷನ್ ನಿಮ್ಮ ಬಿಲ್ಲಿನಲ್ಲೇ ಸೇರಿರುತ್ತದೆ. ಕೊಲಂಬೊ, ಕ್ಯಾಂಡಿ, ಬ್ಯಾಂಕಾಕ್ ಎಲ್ಲ ಕಡೆ ಇದೇ ಕಥೆ. ಬ್ಯಾಂಕಾಕಿನಲ್ಲಿ "ಇವತ್ತು ದೇವಸ್ಥಾನ ಮುಚ್ಚಿದೆ, ಆದರೆ ಸರ್ಕಾರದ ಹರಳು ಮಾರಾಟ ಇವತ್ತೊಂದೇ ದಿನ" ಅಂತ ಯಾರಾದರೂ ಅಂದರೆ ಗಾಡಿ ನಿಲ್ಲಿಸಿ ಇಳಿದುಬಿಡಿ.

ಹರಳನ್ನು ನೋಡುವುದು

ಮಡಿಚಿದ ಕಾಗದದ ಪೊಟ್ಟಣ ಬಿಚ್ಚಿ ಹರಳು ತೋರಿಸುತ್ತಾರೆ. ಒಳಗೆ ತಿಳಿ ನೀಲಿ ಕಾಗದ ಇದ್ದರೆ ಪೇಲವ ಹರಳೂ ನೀಲಿಯಾಗಿ ಕಾಣುತ್ತದೆ. ಸುಮ್ನೆ ಎತ್ತಿ ನಿಮ್ಮ ಬಿಳಿ ಹಾಳೆಯ ಮೇಲಿಡಿ. ಆಮೇಲೆ ಬಾಗಿಲ ಹತ್ತಿರ, ನೇರ ಬಿಸಿಲು ಬೀಳದ ಕಡೆ. ಕೊನೆಗೆ ಒಳಗೆ, ಹಳದಿ ದೀಪದ ಕೆಳಗೆ. ಮೂರೂ ಕಡೆ ಮನಸ್ಸಿಗೆ ಬಂದರೆ ಮಾತ್ರ ಮುಂದುವರಿಯಿರಿ. ಮದುವೆ ಮನೆಯಲ್ಲಿ ರಾತ್ರಿ ದೀಪಕ್ಕೆ ಕಪ್ಪಾಗುವ ನೀಲ ಯಾರಿಗೆ ಬೇಕು?

ಈಗ ಚಿಮಟದಲ್ಲಿ ಹಿಡಿದು ಪಕ್ಕದಿಂದ ನೋಡಿ. ಲಂಕಾದ ಹರಳಿನ ಮರ್ಮ ಇಲ್ಲೇ ಇರೋದು. ಮೇಲಿಂದ ಪೂರ್ತಿ ನೀಲಿ ಕಂಡ ಹರಳು, ಪಕ್ಕದಿಂದ ನೋಡಿದರೆ ನೀರಿನಂತೆ ತಿಳಿಯಾಗಿ, ತಳದ ತುದಿಯಲ್ಲಿ ಮಾತ್ರ ಒಂದು ಚುಕ್ಕಿ ನೀಲಿ. ಸಾಣೆ ಹಿಡಿಯುವವನು ಬೇಕಂತಲೇ ಆ ಚುಕ್ಕಿಯನ್ನು ತಳಕ್ಕೆ ತಂದಿರುತ್ತಾನೆ. ಅಲ್ಲಿಂದ ಬಣ್ಣ ಪ್ರತಿಫಲಿಸಿ ಹರಳು ಪೂರ್ತಿ ತುಂಬಿದಂತೆ ಕಾಣುತ್ತದೆ. ಇದು ಮೋಸ ಅಲ್ಲ, ಕೈಚಳಕ. ಆದರೆ ಅಂಥ ಹರಳಿಗೆ ಹೊಟ್ಟೆ ದಪ್ಪ. "ಊರಿಗೆ ಹೋಗಿ ಮತ್ತೆ ಸಾಣೆ ಹಿಡಿಸಿ ತೆಳ್ಳಗೆ ಮಾಡಿಸ್ತೀನಿ" ಅಂದುಕೊಂಡು ಕೊಂಡರೆ, ತಳ ಉಜ್ಜಿದಾಗ ಆ ಚುಕ್ಕಿಯ ಜೊತೆ ಬಣ್ಣವೂ ಹೋಗುತ್ತದೆ. ಕೈಯಲ್ಲಿ ಉಳಿಯೋದು ಬಿಳಿ ಕಲ್ಲು.

ಹೊಟ್ಟೆ ದಪ್ಪ ಇದ್ದರೆ ಇನ್ನೂ ಎರಡು ನಷ್ಟ. ಮೇಲೆ ಕಾಣದ ತೂಕಕ್ಕೂ ದುಡ್ಡು ಕೊಡುತ್ತೀರಿ. ಉಂಗುರವೂ ಬೆರಳಿನ ಮೇಲೆ ಗೋಪುರದಂತೆ ಎದ್ದು ನಿಲ್ಲುತ್ತದೆ. ಗೇಜ್ ಇರೋದು ಅದಕ್ಕೇ. 6 ಮಿ.ಮೀ. ಅಗಲದ ದುಂಡು ನೀಲ ಸರಿಯಾಗಿ ಕತ್ತರಿಸಿದ್ದರೆ ಒಂದು ಕ್ಯಾರೆಟ್ ಆಸುಪಾಸು ತೂಗುತ್ತದೆ. ಅದೇ ಅಗಲಕ್ಕೆ ಒಂದೂವರೆ ತೂಗಿದರೆ ಉಳಿದದ್ದು ಹೊಟ್ಟೆಯಲ್ಲಿದೆ. ಇದಕ್ಕೆ ಉಲ್ಟಾ, ತೀರಾ ತೆಳ್ಳಗಿನ ಹರಳನ್ನು ಅಚ್ಚಾದ ಕಾಗದದ ಮೇಲಿಟ್ಟರೆ ನಡುವಿನಲ್ಲಿ ಅಕ್ಷರ ಕಾಣುತ್ತದೆ. ವ್ಯಾಪಾರದಲ್ಲಿ ಅದಕ್ಕೆ ವಿಂಡೋ ಅಂತೀವಿ. ಚಿನ್ನದಲ್ಲಿ ಕೂರಿಸಿದ ಮೇಲೂ ಆ ನಡುಭಾಗ ಸತ್ತಂತೆಯೇ ಇರುತ್ತದೆ. ನಾನಂತೂ ಒಂದಿಷ್ಟು ಹೊಟ್ಟೆ ಇದ್ದರೂ ಒಪ್ಪುತ್ತೇನೆ, ವಿಂಡೋ ಒಪ್ಪೋದಿಲ್ಲ.

ಲೂಪ್ ಹಿಡಿದು ಒಳಗೆ ನೋಡಿ. ರೇಷ್ಮೆ ಎಳೆಯಂಥ ಸಣ್ಣ ಸೂಜಿಗಳು, ಬೆರಳಚ್ಚಿನಂಥ ಗುರುತು, ನೇರವಾದ ಬಣ್ಣದ ಪಟ್ಟೆ ಕಂಡರೆ ಖುಷಿಪಡಿ. ಬಾಗಿದ ಗೆರೆ, ದುಂಡು ಗುಳ್ಳೆ ಕಂಡರೆ ಕುಲುಮೆಯದು. ಬೆಂಕಿಯ ಜ್ವಾಲೆಯಲ್ಲಿ ಮಾಣಿಕ್ಯ ಬೆಳೆಸುವ ವಿಧಾನವನ್ನು ಫ್ರಾನ್ಸಿನ ಆಗಸ್ಟ್ ವೆರ್ನೂಯಿ 1902ರಲ್ಲೇ ಜಗತ್ತಿಗೆ ಹೇಳಿದ. ನಮ್ಮ ಕಡೆ ಅಜ್ಜಿ ಕಾಲದ "ಬರ್ಮಾ ಕೆಂಪು" ಅಂತ ಜೋಪಾನ ಮಾಡಿದ ಎಷ್ಟೋ ಒಡವೆಗಳಲ್ಲಿ ಇರೋದು ಆ ಕೆಂಪೇ. ಲೂಪಿನಲ್ಲಿ ಏನೂ ಕಾಣದೆ, ತೀರಾ ಶುಭ್ರವಾಗಿ, ದೊಡ್ಡದಾಗಿ, ಬೆಲೆಯೂ ಕಡಿಮೆ ಇದ್ದರೆ ಇನ್ನೂ ಜಾಸ್ತಿ ಅನುಮಾನ ಪಡಿ.

ಕೆಲವರು ಗಾಜು ಗೀಚಿ ತೋರಿಸುತ್ತಾರೆ, ಲೈಟರ್ ಹಚ್ಚಿ ಹರಳು ಸುಡುತ್ತಾರೆ. ನೋಡಿ ಚಪ್ಪಾಳೆ ತಟ್ಟಬಹುದು, ಅಷ್ಟೇ. ಕುಲುಮೆಯ ನೀಲವೂ ಅಷ್ಟೇ ಗಟ್ಟಿ, ಅದೂ ಸುಡೋದಿಲ್ಲ. ನಕ್ಷತ್ರ ನೀಲ ನೋಡುವಾಗ ನಕ್ಷತ್ರ ಗೀಟೆಳೆದ ಹಾಗೆ ಚೂಪಾಗಿದ್ದರೆ ಹರಳು ತಿರುಗಿಸಿ ತಳ ನೋಡಿ. ಅಮೆರಿಕದ ಲಿಂಡೆ ಕಂಪನಿ 1947ರಿಂದ ಕೃತಕ ನಕ್ಷತ್ರ ಹರಳು ಮಾಡುತ್ತಿತ್ತು, ಕೆಲವದರ ತಳದಲ್ಲಿ ಎಲ್ ಅಕ್ಷರವೇ ಇರುತ್ತದೆ. ಅಸಲಿಯ ತಳ ಸಾಮಾನ್ಯವಾಗಿ ಒರಟು, ಅಂಕುಡೊಂಕು.

ಕಾಯಿಸಿದ್ದಾ, ತುಂಬಿಸಿದ್ದಾ?

ನೀಲವನ್ನು ಕಾಯಿಸುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ಲಂಕಾದಲ್ಲಿ ಗೆವುಡ ಅನ್ನುವ ಹಾಲುಹಾಲಾದ ಕಲ್ಲು ಸಿಗುತ್ತದೆ. ಒಂದು ಕಾಲಕ್ಕೆ ಅದಕ್ಕೆ ಬೆಲೆಯೇ ಇರಲಿಲ್ಲ. 1970ರ ದಶಕದಲ್ಲಿ ಥಾಯ್ ವ್ಯಾಪಾರಿಗಳು ಅದನ್ನು ಕವಡೆ ಕಾಸಿಗೆ ಕೊಂಡು, ತಮ್ಮೂರಿನಲ್ಲಿ ಕುಲುಮೆಗೆ ಹಾಕಿ, ಚಂದದ ನೀಲ ಮಾಡಿ ಮಾರಿದರು. ಈಗ ಲಂಕಾದವರೂ ಕಾಯಿಸುತ್ತಾರೆ. ಬಣ್ಣ ಹಾಗೇ ಉಳಿಯುತ್ತದೆ, ಒಡವೆಗೆ ಏನೂ ತೊಂದರೆ ಇಲ್ಲ. ಬೆಲೆ ಮಾತ್ರ ಕಾಯಿಸದ ಹರಳಿಗಿಂತ ತುಂಬಾ ಕಡಿಮೆ ಇರಬೇಕು. ತೆಂಗಿನ ಚಿಪ್ಪಿನ ಇದ್ದಿಲಿನಲ್ಲಿ ಊದುಗೊಳವೆ ಹಿಡಿದು ಸಣ್ಣ ಶಾಖ ಕೊಡುವ ಹಳೆಯ ಪದ್ಧತಿಯೂ ಅಲ್ಲಿದೆ. ನಮ್ಮ ಆಚಾರ್ರ ಊದುಗೊಳವೆಯದೇ ಅಣ್ಣತಮ್ಮ ಅದು. ಅಷ್ಟು ಸಣ್ಣ ಶಾಖವನ್ನು ಲೂಪಿನಲ್ಲಿ ಕಂಡುಹಿಡಿಯುವುದು ಕಷ್ಟ. ಅದಕ್ಕೆ "ಕಾಯಿಸಿಲ್ಲ" ಅಂತ ಬಾಯಲ್ಲಿ ಹೇಳಿದ್ದಕ್ಕೆ ದುಡ್ಡು ಕೊಡಬೇಡಿ, ಹರಳು ಪರೀಕ್ಷೆ ಮಾಡುವ ಲ್ಯಾಬಿನ ಕಾಗದಕ್ಕೆ ಕೊಡಿ.

ಬೆರಿಲಿಯಂ ಅನ್ನುವ ಧಾತುವಿನ ಕಥೆ ಬೇರೆ. ಈ ಸಹಸ್ರಮಾನದ ಶುರುವಿನಲ್ಲಿ ಥಾಯ್ಲೆಂಡಿನಿಂದ ಇದ್ದಕ್ಕಿದ್ದಂತೆ ರಾಶಿ ರಾಶಿ ಕಿತ್ತಳೆ-ಗುಲಾಬಿ ಪದ್ಮರಾಗ ಬಂದವು. ಪದ್ಮರಾಗ ಅಂದರೆ ಇಲ್ಲಿ ಮಾಣಿಕ್ಯ ಅಲ್ಲ, ವ್ಯಾಪಾರದಲ್ಲಿ ಪದ್‌ಪರಾದ್‌ಶಾ ಅನ್ನುವ ಹರಳು. ಅಷ್ಟು ಅಪರೂಪದ ಹರಳು ಹೀಗೆ ಹೇಗೆ ಬಂತು ಅಂತ ಲ್ಯಾಬಿನವರು ತಲೆ ಕೆಡಿಸಿಕೊಂಡು ನೋಡಿದರೆ, ಕಾಯಿಸುವಾಗ ಹೊರಗಿನಿಂದ ಬೆರಿಲಿಯಂ ಒಳಗೆ ಇಳಿಸಿದ್ದರು. ಲೂಪಿಗೆ ಇದು ಸಿಕ್ಕಿಬೀಳುವುದಿಲ್ಲ, ದೊಡ್ಡ ಯಂತ್ರವೇ ಬೇಕು. ನನ್ನ ಗಿರಾಕಿಯೊಬ್ಬರು ಹನಿಮೂನಿಗೆ ಹೋದಾಗ ಕೊಂಡ ಪದ್ಮರಾಗ ತಂದಿದ್ದರು. ಅಂಗಡಿಯ ಬಿಲ್ಲಿನಲ್ಲಿ ಬರೆದದ್ದು ಬರೀ "ಪಿಂಕ್ ಸ್ಟೋನ್". ಲ್ಯಾಬ್ ವರದಿಯಲ್ಲಿ ಬೆರಿಲಿಯಂ ಅಂತ ಬಂತು. ಆ ಬಿಲ್ ಹಿಡಿದುಕೊಂಡು ಯಾರನ್ನು ಕೇಳೋಣ?

ಗಾಜು ತುಂಬಿದ ಮಾಣಿಕ್ಯವನ್ನು ಮಾತ್ರ ಕಣ್ಣಿಗೆ ಎಷ್ಟೇ ಚಂದ ಕಂಡರೂ ನಾನು ಮುಟ್ಟೋದಿಲ್ಲ. ಬಿರುಕು ಬಿಟ್ಟ ಕಳಪೆ ಕಲ್ಲಿಗೆ ಸೀಸದ ಗಾಜು ಕರಗಿಸಿ ತುಂಬಿರುತ್ತಾರೆ. ಹರಳನ್ನು ಮೆಲ್ಲಗೆ ಆಚೀಚೆ ತಿರುಗಿಸಿದರೆ ಬಿರುಕಿನಲ್ಲಿ ನೀಲಿ ಮಿಂಚು ಸುಳಿಯುತ್ತದೆ, ಪುಟ್ಟ ಗುಳ್ಳೆಗಳೂ ಕಾಣುತ್ತವೆ. ಅಕ್ಕಸಾಲಿಯ ಬೆಂಕಿ, ಆಸಿಡ್ ಎರಡೂ ಇದಕ್ಕೆ ಆಗೋದಿಲ್ಲ. ಮನೆಯಲ್ಲಿ ನಿಂಬೆರಸ ತಾಗಿದರೂ ಗಾಜು ತಿಂದುಹೋಗಿ ಬಿಳಿ ಗೆರೆ ಏಳುತ್ತದೆ. ಚಿತ್ರಾನ್ನ ಕಲಸುವ ಕೈಗೆ ಅಂಥ ಉಂಗುರ ಹೊಂದೋದಿಲ್ಲ ಬಿಡಿ.

ಚೌಕಾಸಿ

ಬೆಲೆ ಕೇಳಿದ ಕೂಡಲೇ ಎರಡು ಪ್ರಶ್ನೆ ವಾಪಸ್ ಕೇಳಿ. ಕ್ಯಾರೆಟ್‌ಗಾ, ಪೂರ್ತಿ ಹರಳಿಗಾ? ಡಾಲರಾ, ನಿಮ್ಮ ರೂಪಾಯಾ? ಅಲ್ಲೂ ಲಕ್ಷದ ಲೆಕ್ಕವೇ ನಡೆಯುತ್ತದೆ, ಅಲ್ಲೂ ರೂಪಾಯಿಯೇ. ಆದರೆ ನಮ್ಮ ಒಂದು ರೂಪಾಯಿಗೆ ಅಲ್ಲಿನ ಮೂರಕ್ಕಿಂತ ಜಾಸ್ತಿ ಬರುತ್ತದೆ. "ಎರಡು ಲಕ್ಷ" ಅಂದಾಗ ಯಾವ ಲಕ್ಷ ಅಂತ ಕಾಗದದ ಮೇಲೆ ಬರೆಸಿ.

ಒಂದು, ಎರಡು, ಮೂರು, ಐದು ಕ್ಯಾರೆಟ್ ದಾಟಿದಾಗ ಕ್ಯಾರೆಟ್ ದರವೂ ಒಂದು ಮೆಟ್ಟಿಲು ಏರುತ್ತದೆ. 2.05ರ ಬದಲು 1.92 ಕೊಂಡರೆ ಉಂಗುರದಲ್ಲಿ ಯಾರಿಗೂ ವ್ಯತ್ಯಾಸ ಕಾಣೋದಿಲ್ಲ, ಜೇಬಿಗೆ ಕಾಣುತ್ತದೆ. ಓಲೆಗೆ ಜೋಡಿ ಬೇಕಾದರೆ ಜೋಡಿಯಾಗಿಯೇ ಕೊಳ್ಳಿ. ಒಂದು ಕೊಂಡು ಇನ್ನೊಂದನ್ನು ಆಮೇಲೆ ಹುಡುಕುತ್ತೀನಿ ಅನ್ನುವುದು ಆಗದ ಮಾತು. ರಾಶಿಯಲ್ಲಿ ಕೊಳ್ಳುವಾಗ ಪೂರ್ತಿ ಎತ್ತಿದರೆ ಒಂದು ದರ, ಆರಿಸಿಕೊಂಡರೆ ಜಾಸ್ತಿ ದರ. ಆರಿಸಿದ ದರ ನೋಡಿ ಹೆದರಬೇಡಿ. ಪೂರ್ತಿ ಎತ್ತಿದ ರಾಶಿಯಲ್ಲಿ ಬೇಡದ ಹರಳೇ ಅರ್ಧ ಡಬ್ಬಿ ತುಂಬುತ್ತದೆ.

ಮುಖ್ಯವಾದ್ದು ಮಾತು. ನೀವು ಒಂದು ಬೆಲೆ ಹೇಳಿ, ಅವರು ಒಪ್ಪಿದರೆ ಮುಗಿಯಿತು, ಕೊಳ್ಳಲೇಬೇಕು. ದಲ್ಲಾಳಿ ನಿಮ್ಮ ಬೆಲೆಯನ್ನು ಪೊಟ್ಟಣದ ಮೇಲೆ ಬರೆದು ಮಾಲೀಕನ ಹತ್ತಿರ ಒಯ್ಯುತ್ತಾನೆ. ಅವನು ಹೂಂ ಅಂದ ಮೇಲೆ ನೀವು "ಸುಮ್ನೆ ಕೇಳಿದ್ದೆ" ಅಂದರೆ, ಸಂಜೆಯೊಳಗೆ ಆ ಕೇರಿಗೆಲ್ಲ ಗೊತ್ತಾಗುತ್ತದೆ. ಬೇಡದ ಹರಳಿಗೆ ಬಾಯಿ ಬಿಡಲೇಬೇಡಿ. ಅವರು "ನೀವೇ ಒಂದು ರೇಟ್ ಹೇಳಿ ಅಕ್ಕಾ" ಅಂತ ಎಷ್ಟು ಕೇಳಿದರೂ ಅಷ್ಟೇ. "ನನ್ನ ಬಣ್ಣ ಅಲ್ಲ ನಾನಾ" ಅಂದರೆ ಯಾರಿಗೂ ಬೇಜಾರಾಗೋದಿಲ್ಲ.

ಕಾಗದ, ಡ್ಯೂಟಿ

ಮಾರುವವರಿಗೆ ಅಲ್ಲಿನ ರಾಷ್ಟ್ರೀಯ ರತ್ನ ಮತ್ತು ಆಭರಣ ಪ್ರಾಧಿಕಾರದ ಲೈಸೆನ್ಸ್ ಇರಬೇಕು, ಕೇಳಿ ನೋಡಿ. ಅದೇ ಪ್ರಾಧಿಕಾರದ ಲ್ಯಾಬ್ ಕೊಲಂಬೊದಲ್ಲಿದೆ. ದೊಡ್ಡ ಮೊತ್ತವಾದರೆ ಅಲ್ಲಿ ಪರೀಕ್ಷೆ ಮಾಡಿಸಿದ ಮೇಲೆ ಬಾಕಿ ಕೊಡುವುದು ಅಂತ ಮೊದಲೇ ಮಾತಾಡಿಕೊಳ್ಳಿ. ಒಪ್ಪದವರ ಹತ್ತಿರ ದೊಡ್ಡ ಹರಳು ಬೇಡ. ಬಿಲ್ಲಿನಲ್ಲಿ ಹರಳಿನ ಹೆಸರು, ನೈಸರ್ಗಿಕ ಅನ್ನುವ ಮಾತು, ತೂಕ, ಅಳತೆ, ಕಾಯಿಸಿದ್ದೋ ಇಲ್ಲವೋ, ವರದಿ ಬೇರೆ ಬಂದರೆ ದುಡ್ಡು ವಾಪಸ್ ಅನ್ನುವ ಸಾಲು, ಇಷ್ಟೂ ಇರಲಿ. ದೇಶ ಬಿಡುವಾಗ ಹರಳು ಒಯ್ಯಲು ಯಾವ ಕಾಗದ ಬೇಕು ಅಂತ ಆ ಪ್ರಾಧಿಕಾರದಲ್ಲೇ ವಿಚಾರಿಸಿಕೊಂಡು ಬನ್ನಿ.

ಇಲ್ಲಿಂದ ಹೊರಡುವಾಗ ವಿದೇಶಿ ನೋಟು ಒಂದು ಪ್ರಯಾಣಕ್ಕೆ 3,000 ಡಾಲರ್ ತನಕ ಒಯ್ಯಬಹುದು. ಉಳಿದದ್ದು ಕಾರ್ಡು, ಬ್ಯಾಂಕು. ವಾಪಸ್ ಬಂದಾಗ ಕೆಂಪೇಗೌಡ ನಿಲ್ದಾಣದಲ್ಲಿ ಬಿಲ್ ಕೈಯಲ್ಲಿ ಹಿಡಿದು ರೆಡ್ ಚಾನೆಲ್‌ಗೆ, ಅಂದರೆ ತಂದದ್ದನ್ನು ಕಸ್ಟಮ್ಸ್‌ನವರಿಗೆ ಹೇಳಿ ತೋರಿಸುವ ದಾರಿಗೆ, ಹೋಗಿ. ಬಿಡಿ ಹರಳು ಒಡವೆ ಲೆಕ್ಕಕ್ಕೆ ಬರೋದಿಲ್ಲ. ವಿನಾಯಿತಿಯ ಮಿತಿ ದಾಟಿದರೆ ಡ್ಯೂಟಿ ಕಟ್ಟಬೇಕು. ಮಿತಿ ಎಷ್ಟು ಅನ್ನೋದನ್ನು ಹೊರಡುವ ವಾರ ಕಸ್ಟಮ್ಸ್ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಮಾರೋಕೆ ತರುವವರಿಗೆ ಆಮದು-ರಫ್ತು ಕೋಡ್ ಬೇಕು. ಅವರಿಗೆ ಡ್ಯೂಟಿ ದರವೇ ಬೇರೆ. 2022ರ ಬಜೆಟ್‌ನಲ್ಲಿ ಸಾಣೆ ಹಿಡಿದ ಹರಳಿನ ಸುಂಕವನ್ನು 7.5ರಿಂದ ಶೇ. 5ಕ್ಕೆ ಇಳಿಸಿದ್ದರು. ಒಬ್ಬ ಒಳ್ಳೆಯ ಕ್ಲಿಯರಿಂಗ್ ಏಜೆಂಟ್ ಇದ್ದರೆ ತಲೆನೋವು ಅರ್ಧ ಕಡಿಮೆ.

ಆಚಾರ್ರ ಕೈಗೆ ಕೊಡುವಾಗ

ನಮ್ಮ ಆಚಾರ್ರು ಹೊಸ ಹರಳು ಬಂದ ಕೂಡಲೇ ತಿರುಗಿಸಿ ಸೊಂಟ ನೋಡುತ್ತಾರೆ. ಮೇಲ್ಮುಖ, ತಳ ಎರಡೂ ಸೇರುವ ಅಂಚು ಅದು. "ನೋಡಮ್ಮಾ, ಇಲ್ಲಿ ಕಾಗದದ ಹಾಗಿದೆ. ಕೊಂಡಿ ಒತ್ತಿದರೆ ಚಕ್ಕೆ ಏಳುತ್ತೆ" ಅಂತ ಒಂದು ಪುಷ್ಯರಾಗದ ಮೂಲೆ ತೋರಿಸಿದ್ದರು. ಅಂಥದ್ದಕ್ಕೆ ನಾಲ್ಕು ಕೊಂಡಿಯ ಬದಲು ಸುತ್ತಲೂ ಚಿನ್ನದ ಪಟ್ಟಿ ಕಟ್ಟಿಸುವುದು ಕ್ಷೇಮ.

ಹರಳು ಕೂರಿಸುವ ಮುಂಚೆಯೇ ಬೆಸುಗೆ ಎಲ್ಲ ಮುಗಿದಿರಬೇಕು. ನೀಲ ಬೆಂಕಿಗೆ ಹೆದರೋದಿಲ್ಲ ಅನ್ನುವ ಮಾತು ಪೇಟೆಯಲ್ಲಿದೆ. ಆದರೆ ಬೆಸುಗೆಗೆ ಹಾಕುವ ಬಿಳಿಗಾರ ಆ ಶಾಖದಲ್ಲಿ ಹರಳಿನ ಮೈಯನ್ನೇ ತಿನ್ನುತ್ತದೆ, ಒಪ್ಪ ಹೋಗಿ ಮಂಜು ಮಂಜಾಗುತ್ತದೆ. ಮುಂದೆ ಎಂದಾದರೂ ಉಂಗುರದ ಅಳತೆ ಬದಲಾಯಿಸುವಾಗಲೂ ಹರಳು ಬಿಚ್ಚಿಯೇ ಬೆಸುಗೆ ಹಾಕಿ ಅಂತ ಹೇಳಿ. ಬಿಚ್ಚುವ ಕೂಲಿ ಸ್ವಲ್ಪ, ಮತ್ತೆ ಒಪ್ಪ ಕೊಡಿಸುವ ಖರ್ಚು ಜಾಸ್ತಿ.

ಕೂರಿಸಿದ ಮೇಲೆ ಹರಳನ್ನಷ್ಟೇ ತೂಗೋಕೆ ಆಗೋದಿಲ್ಲ. ಹಾಗಾಗಿ ಕೈಗೆ ಕೊಡುವ ಮುಂಚೆ ತೂಕ, ಅಳತೆ, ಲೂಪಿನಲ್ಲಿ ಕಾಣುವ ಒಂದೆರಡು ಗುರುತು ಬರೆದು, ಫೋನಿನಲ್ಲಿ ಫೋಟೊ ತೆಗೆದು, ಆ ಚೀಟಿಗೆ ಅವರ ರುಜು ಹಾಕಿಸಿಕೊಳ್ಳಿ. ಒಳ್ಳೆಯ ಕೆಲಸಗಾರರು ಇದಕ್ಕೆ ಬೇಜಾರು ಮಾಡಿಕೊಳ್ಳೋದಿಲ್ಲ. ನಮ್ಮ ಆಚಾರ್ರಂತೂ ಚೀಟಿ ಬರೆಯದೆ ಹರಳು ಮುಟ್ಟೋದೇ ಇಲ್ಲ.